ಬಾಡಿಗೆಗೆ ಕೊಟ್ಟ ಹಳೆಯ ಮನೆ ಮಾರುವಾಗ



ಚಿತ್ರದುರ್ಗದ ಜೆ.ಸಿ.ಆರ್. ಬಡಾವಣೆಯಲ್ಲೋ ಹಿರಿಯೂರಿನ ಹುಳಿಯಾರು ರಸ್ತೆಯಲ್ಲೋ ಇಪ್ಪತ್ತು ವರ್ಷದ ಹಿಂದೆ ಬ್ಯಾಂಕ್ ಸಾಲ ತೆಗೆದು ಕಟ್ಟಿದ ಮನೆ. ವರ್ಗಾವಣೆಯಾಯಿತು, ಮಕ್ಕಳ ಓದು ಬಂತು, ಮನೆಯವರೆಲ್ಲ ಬೆಂಗಳೂರೋ ದಾವಣಗೆರೆಯೋ ಸೇರಿದರು. ಮನೆ ಬಾಡಿಗೆಗೆ ಹೋಯಿತು, ಇಲ್ಲವೇ ಲೀಸ್‌ಗೆ ಹೋಯಿತು. ಈಗ ಅದನ್ನು ಮಾರಬೇಕು. ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಇದೇ ಕಥೆ. ಅಲ್ಲಿ ಎಷ್ಟೋ ಸಲ ಅದು ತಂದೆಯ ಕಾಲದ ಹೆಂಚಿನ ಮನೆಯಾಗಿರುತ್ತದೆ. ಇಂಥವರು ಆಡಿಟರ್ ಮುಂದೆ ಕೂತು ಕೇಳುವ ಮೊದಲ ಮಾತು ಇದು: "ಹತ್ತು ವರ್ಷದಿಂದ ಬಾಡಿಗೆ ತಗಂಡಿದೀವಲ್ಲ ಸಾರ್, ಇದನ್ನ ಇನ್ನೂ ವಾಸದ ಮನೆ ಅಂತಾರಾ? ಟ್ಯಾಕ್ಸ್ ರಿಯಾಯ್ತಿ ಹೋಗಿಬಿಡ್ತಾ?"

ಹೋಗುವುದಿಲ್ಲ. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ, ಏಕೆಂದರೆ ಈ ಒಂದು ಭಯದಿಂದ ನಮ್ಮ ಜಿಲ್ಲೆಯ ಜನ ಎಷ್ಟೋ ತಪ್ಪು ತೀರ್ಮಾನ ಮಾಡುತ್ತಾರೆ. ಕೆಲವರು ಮಾರುವ ಮೊದಲು ಬಾಡಿಗೆಯವರನ್ನು ಬಿಡಿಸಿ ಆರು ತಿಂಗಳು ಬೀಗ ಹಾಕಿಡುತ್ತಾರೆ. ಅದರಿಂದ ಬಾಡಿಗೆ ಹೋಗುತ್ತದೆಯೇ ಹೊರತು ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ನಮ್ಮ ಆದಾಯ ತೆರಿಗೆ ಕಾನೂನು ಮನೆ ಮಾರಾಟದ ಲಾಭಕ್ಕೆ ವಿನಾಯಿತಿ ಕೊಡುವಾಗ, ನೀವು ಅದರಲ್ಲಿ ಎಷ್ಟು ವರ್ಷ ವಾಸವಿದ್ದಿರಿ ಎಂದು ಕೇಳುವುದೇ ಇಲ್ಲ. ಅದು ವಾಸಯೋಗ್ಯ ಮನೆಯಾಗಿರಬೇಕು, ಅದರ ಆದಾಯ ಮನೆ ಆಸ್ತಿಯ ಆದಾಯ ಎಂಬ ತಲೆಬರಹದಡಿ ಬರುವಂಥದ್ದಾಗಿರಬೇಕು, ಮತ್ತು ನಿಮ್ಮ ಒಡೆತನ 24 ತಿಂಗಳು ಮೀರಿರಬೇಕು. ಬಾಡಿಗೆ ಮನೆ ಈ ಮೂರಕ್ಕೂ ಸರಿಹೋಗುತ್ತದೆ.

ಈ ಭಯ ಎಲ್ಲಿಂದ ಬಂತು ಎಂದು ನೋಡಿದರೆ, ಬಹುಮಟ್ಟಿಗೆ ಹೊರದೇಶದಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳಿದ್ದು. ಅಮೆರಿಕದಲ್ಲಿ ಮಾರಾಟಕ್ಕೆ ಮೊದಲಿನ ಐದು ವರ್ಷಗಳಲ್ಲಿ ಎರಡು ವರ್ಷವಾದರೂ ಆ ಮನೆಯಲ್ಲಿ ವಾಸವಿದ್ದರೆ ಮಾತ್ರ ಒಬ್ಬರಿಗೆ 2,50,000 ಡಾಲರ್‌ವರೆಗಿನ ಲಾಭಕ್ಕೆ ವಿನಾಯಿತಿ. ಬಾಡಿಗೆ ಕೊಟ್ಟ ವರ್ಷಗಳಲ್ಲಿ ಕಟ್ಟಡದ ಸವಕಳಿ ಕಳೆದಿದ್ದರೆ ಮಾರುವಾಗ ಅದಕ್ಕೂ ತೆರಿಗೆ ಹಾಕುತ್ತಾರೆ. ಆಸ್ಟ್ರೇಲಿಯಾದಲ್ಲಿ ಮನೆ ಬಿಟ್ಟುಹೋಗಿ ಬಾಡಿಗೆಗೆ ಕೊಟ್ಟರೂ ಆರು ವರ್ಷದವರೆಗೆ ಅದನ್ನೇ ಸ್ವಂತ ವಾಸದ ಮನೆ ಎಂದು ಎಣಿಸಿಕೊಳ್ಳಲು ಅವಕಾಶವಿದೆ. ಅವರ ಲೆಕ್ಕ ಅವರಿಗೆ. ಇಲ್ಲಿ ಬಾಡಿಗೆ ಆದಾಯದಲ್ಲಿ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ರಿಪೇರಿ ಇತ್ಯಾದಿಗೆಂದು ಶೇಕಡ 30ರಷ್ಟನ್ನು ಕಾನೂನೇ ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಟ್ಟದ್ದನ್ನು ಮಾರುವಾಗ ವಾಪಸು ಕೇಳುವುದಿಲ್ಲ.

ಇನ್ನೊಂದು ಮಾತು. 2026ರ ಏಪ್ರಿಲ್ 1ರಿಂದ 1961ರ ಹಳೆಯ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ. ಆಡಿಟರುಗಳ ಬಾಯಲ್ಲಿ ದಶಕಗಳಿಂದ ಇರುವ "ಐವತ್ನಾಲ್ಕು" ಎಂಬ ಕಲಮಿನ ಸಂಖ್ಯೆ ಅದರಲ್ಲಿ ಬದಲಾಗಿದೆ. ಹಾಗಾಗಿ ಕಲಮುಗಳ ಹೆಸರು ಹೇಳದೆ ವಿಷಯವನ್ನಷ್ಟೇ ಹೇಳುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. 2024ರ ಜುಲೈ 23ಕ್ಕೆ ಮೊದಲು ಒಂದೇ ದಾರಿ ಇತ್ತು. ಮನೆಗೆ ಹಾಕಿದ ಹಣವನ್ನು ಬೆಲೆ ಏರಿಕೆಯ ಸೂಚ್ಯಂಕದಿಂದ ಹಿಗ್ಗಿಸಿ, ಮಾರಿದ ಬೆಲೆಯಲ್ಲಿ ಅದನ್ನು ಕಳೆದು, ಉಳಿದದ್ದಕ್ಕೆ ಶೇಕಡ 20 ತೆರಿಗೆ. ಆ ದಿನದಿಂದ ಸೂಚ್ಯಂಕ ತೆಗೆದುಹಾಕಿ, ದರವನ್ನು ಶೇಕಡ 12.5ಕ್ಕೆ ಇಳಿಸಿದರು. ಜನ ಗಲಾಟೆ ಎಬ್ಬಿಸಿದ ಮೇಲೆ ಸರ್ಕಾರ ಒಂದು ಅವಕಾಶ ಕೊಟ್ಟಿತು: ಆ ದಿನಕ್ಕೆ ಮೊದಲೇ ಕೈಗೆ ಬಂದಿದ್ದ ಜಾಗ, ಮನೆಗಳಿಗೆ, ಭಾರತದಲ್ಲಿ ನೆಲೆಸಿರುವ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬವಾದರೆ, ಎರಡೂ ರೀತಿ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅಷ್ಟು ತೆರಿಗೆ ಕಟ್ಟಿದರೆ ಸಾಕು.

ಚಿತ್ರದುರ್ಗದ ಒಂದು ಮನೆ ತೆಗೆದುಕೊಳ್ಳೋಣ. 2004-05ರಲ್ಲಿ ಸೈಟು, ಕಟ್ಟಡ ಎಲ್ಲ ಸೇರಿ 8 ಲಕ್ಷ ರೂಪಾಯಿ. 2025-26ರಲ್ಲಿ 48 ಲಕ್ಷಕ್ಕೆ ಮಾರಿದರು ಎನ್ನಿ. ಕಟ್ಟಿದ ವರ್ಷದ ಸೂಚ್ಯಂಕ 113, ಮಾರಿದ ವರ್ಷದ್ದು 376. ಹಾಗಾಗಿ 8 ಲಕ್ಷ ಹಿಗ್ಗಿ ಸುಮಾರು 26 ಲಕ್ಷ 62 ಸಾವಿರವಾಗುತ್ತದೆ. ಲಾಭ 21 ಲಕ್ಷ 38 ಸಾವಿರ, ಶೇಕಡ 20ರಂತೆ ತೆರಿಗೆ 4 ಲಕ್ಷ 28 ಸಾವಿರದ ಆಸುಪಾಸು. ಸೂಚ್ಯಂಕ ಬಿಟ್ಟರೆ ಲಾಭ 40 ಲಕ್ಷ, ಶೇಕಡ 12.5ರಂತೆ ತೆರಿಗೆ 5 ಲಕ್ಷ. ಇಲ್ಲಿ ಹಳೆಯ ದಾರಿಯೇ ಅನುಕೂಲ. ಎರಡರ ಮೇಲೂ ಶೇಕಡ 4ರ ಸೆಸ್ ಇರುತ್ತದೆ.

ಇನ್ನು ಹೊಳಲ್ಕೆರೆಯ ಮನೆ. ತಂದೆ 1975ರಲ್ಲಿ ಕಟ್ಟಿಸಿದ್ದು, ಈಗ ಮಗನ ಹೆಸರಿಗೆ ಖಾತೆಯಾಗಿದೆ. ಪಿತ್ರಾರ್ಜಿತವಾಗಿ ಬಂದ ಆಸ್ತಿಗೆ "ನನಗೇನೂ ಖರ್ಚಾಗಿಲ್ಲ, ಪೂರ್ತಿ ಲಾಭವೇ" ಎಂದುಕೊಳ್ಳಬೇಡಿ. ತಂದೆಯ ಖರ್ಚೇ ನಿಮ್ಮ ಖರ್ಚು, ತಂದೆಯ ಒಡೆತನದ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. 2001ರ ಏಪ್ರಿಲ್ 1ಕ್ಕೆ ಮೊದಲು ಬಂದ ಆಸ್ತಿಯಾದರೆ, ಅಂದಿನ ಖರ್ಚಿನ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನೇ ಖರ್ಚೆಂದು ಹಿಡಿಯಬಹುದು. ಅಂದಿನ ಮಾರ್ಗಸೂಚಿ ದರ ಸಿಗುವಲ್ಲಿ ಈ ಬೆಲೆ ಅದನ್ನು ಮೀರುವಂತಿಲ್ಲ. 2001ರ ಆ ಬೆಲೆ 3 ಲಕ್ಷ, ಈಗ ಮಾರಿದ್ದು 30 ಲಕ್ಷ ಎನ್ನೋಣ. ಸೂಚ್ಯಂಕ ಹಾಕಿದರೆ ಖರ್ಚು 11 ಲಕ್ಷ 28 ಸಾವಿರ, ಲಾಭ 18 ಲಕ್ಷ 72 ಸಾವಿರ, ತೆರಿಗೆ 3 ಲಕ್ಷ 74 ಸಾವಿರ. ಸೂಚ್ಯಂಕವಿಲ್ಲದೆ ಲಾಭ 27 ಲಕ್ಷ, ತೆರಿಗೆ 3 ಲಕ್ಷ 37 ಸಾವಿರದ 500. ಇಲ್ಲಿ ಹೊಸ ದಾರಿಯೇ ಕಡಿಮೆ. ಪಕ್ಕದ ಮನೆಯವರು ಯಾವ ದಾರಿ ಹಿಡಿದರೆಂದು ಕೇಳಿ ಪ್ರಯೋಜನವಿಲ್ಲ. ಪ್ರತಿ ಮನೆಗೂ ಎರಡೂ ಲೆಕ್ಕ ಹಾಕಿಸಲೇಬೇಕು.

ಖರ್ಚನ್ನು ತೋರಿಸಲು ಕಾಗದ ಬೇಕು. ನನಗೆ ಅತಿ ಹೆಚ್ಚು ಸಂಕಟ ಕೊಡುವ ವಿಷಯ ಇದೇ. ಕ್ರಯಪತ್ರವನ್ನು ಜನ ಜೋಪಾನ ಮಾಡುತ್ತಾರೆ, ಮನೆ ಕಟ್ಟಿದ ಖರ್ಚಿನ ಕಾಗದವನ್ನು ಎಸೆದುಬಿಡುತ್ತಾರೆ. ಹಾಗಾಗಿ ಸೈಟಿನ ಬೆಲೆ ಮಾತ್ರ ಕೈಗೆ ಸಿಗುತ್ತದೆ, ಕಟ್ಟಡದ್ದು ಸಿಗುವುದಿಲ್ಲ. ಸಿಮೆಂಟ್, ಕಬ್ಬಿಣದ ಬಿಲ್ಲು ಇಲ್ಲದಿದ್ದರೂ ದಾರಿ ಇದೆ. ಗೃಹ ಸಾಲ ಕೊಡುವಾಗ ಬ್ಯಾಂಕಿನವರು ಇಂಜಿನಿಯರ್ ಕೈಯಲ್ಲಿ ಎಸ್ಟಿಮೇಟ್ ಬರೆಸಿಕೊಂಡಿರುತ್ತಾರೆ. ಅದರ ಪ್ರತಿ, ಕಂತುಕಂತಾಗಿ ಸಾಲದ ಹಣ ಬಿಡುಗಡೆಯಾದ ಪಾಸ್‌ಬುಕ್, ನಗರಸಭೆಯ ಕಟ್ಟಡ ಪರವಾನಗಿ, ಮೊದಲ ಸಲ ಮನೆ ಕಂದಾಯ ಕಟ್ಟಿದ ರಸೀದಿ, ಹಳೆಯ ಮನೆಯಾದರೆ ಕೆಇಬಿ ಕಾಲದ ವಿದ್ಯುತ್ ಸಂಪರ್ಕದ ಕಾಗದ, ಇವೆಲ್ಲ ಸೇರಿ ಕಟ್ಟಡ ಯಾವಾಗ ಎದ್ದಿತು, ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತವೆ. ಇವನ್ನು ಇಟ್ಟುಕೊಂಡು ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಬಹುದು. 2001ರ ಮಾರ್ಗಸೂಚಿ ದರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳಿ. ಮಾರುವ ತಿಂಗಳಲ್ಲಿ ಓಡಾಡುವ ಬದಲು, ಮನೆ ಬಾಡಿಗೆಗೆ ಕೊಟ್ಟು ಊರು ಬಿಡುವಾಗಲೇ ಈ ಫೈಲು ಮಾಡಿ ಜೊತೆಗೆ ಒಯ್ಯಿರಿ. ಬೀಗ ಹಾಕಿದ ಕೋಣೆಯಲ್ಲಿ ಟ್ರಂಕಿನೊಳಗೆ ಬಿಟ್ಟುಹೋದ ಕಾಗದವನ್ನು ಗೆದ್ದಲು ತಿನ್ನುತ್ತದೆ.

ಬಾಡಿಗೆಯ ವರ್ಷಗಳಲ್ಲಿ ಮಾಡಿದ ಖರ್ಚಿನಲ್ಲಿ ಎರಡು ಬಗೆಯಿದೆ. ಸುಣ್ಣಬಣ್ಣ, ನಲ್ಲಿ ದುರಸ್ತಿ, ಒಡೆದ ಹೆಂಚು ಬದಲಿಸಿದ್ದು ರಿಪೇರಿ. ಅದಕ್ಕಾಗಿಯೇ ಬಾಡಿಗೆಯಲ್ಲಿ ಶೇಕಡ 30 ಬಿಟ್ಟಿದ್ದಾರೆ. ಮೇಲೆ ಒಂದು ಮಹಡಿ ಎಬ್ಬಿಸಿದ್ದು, ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸಿದ್ದು, ಹೊಸದಾಗಿ ಬೋರ್‌ವೆಲ್ ಕೊರೆಸಿದ್ದು ಮನೆಯ ಖರ್ಚಿಗೇ ಸೇರುತ್ತದೆ. ಆ ಚಿತ್ರದುರ್ಗದ ಮನೆಗೆ 2012-13ರಲ್ಲಿ 5 ಲಕ್ಷ ಹಾಕಿ ಮಹಡಿ ಕಟ್ಟಿದ್ದರೆ, ಆ ವರ್ಷದ ಸೂಚ್ಯಂಕ 200ರ ಪ್ರಕಾರ ಅದು 9 ಲಕ್ಷ 40 ಸಾವಿರವಾಗಿ, ತೆರಿಗೆಯಲ್ಲಿ 1 ಲಕ್ಷ 88 ಸಾವಿರ ಕಡಿಮೆಯಾಗುತ್ತದೆ. ಆ ಒಂದು ಕಟ್ಟು ಬಿಲ್ಲುಗಳ ಬೆಲೆ ಅಷ್ಟು. ಮಾರಾಟದ ದಲ್ಲಾಳಿ ಕಮಿಷನ್ನನ್ನೂ ಕಳೆಯಬಹುದು, ಬ್ಯಾಂಕ್ ಮೂಲಕ ಕೊಟ್ಟು ರಸೀದಿ ಪಡೆದಿದ್ದರೆ. ಆದರೆ ಸಾಲದ ಬಡ್ಡಿಯನ್ನು ಬಾಡಿಗೆ ಲೆಕ್ಕದಲ್ಲಿ ಒಮ್ಮೆ ಕಳೆದು, ಮನೆಯ ಖರ್ಚಿಗೆ ಮತ್ತೊಮ್ಮೆ ಸೇರಿಸುವ ದಾರಿಯನ್ನು 2023ರಲ್ಲೇ ಮುಚ್ಚಿದ್ದಾರೆ.

ಲೀಸ್‌ಗೆ ಹಾಕಿದ ಮನೆಯಾದರೆ ಗಮನಿಸಿ. 5 ಲಕ್ಷ ಲೀಸ್ ಹಣವನ್ನು ಕೊಳ್ಳುವವರೇ ಮುಂದೆ ವಾಪಸು ಕೊಡುತ್ತೇನೆಂದು ಒಪ್ಪಿ, ನಿಮಗೆ 43 ಲಕ್ಷ ಮಾತ್ರ ಕೊಟ್ಟರೂ ಮಾರಾಟದ ಬೆಲೆ 48 ಲಕ್ಷವೇ.

ಈಗ ಮನಸ್ಸು ಬಿಚ್ಚಿ ಹೇಳಬೇಕಾದ ವಿಷಯ. ತೆರಿಗೆ ತಪ್ಪಿಸಲು ಎಲ್ಲರೂ ಹೇಳಿಕೊಡುವ ಉಪಾಯ ಒಂದೇ: "ಕ್ರಯಪತ್ರದಲ್ಲಿ ಕಡಿಮೆ ತೋರಿಸಿ, ಮಿಕ್ಕಿದ್ದು ಕ್ಯಾಶ್ ತಗೊಳ್ಳಿ." 48 ಲಕ್ಷದ ಮನೆಯನ್ನು 30 ಲಕ್ಷಕ್ಕೆ ಬರೆಸಿ 18 ಲಕ್ಷ ನಗದು ತೆಗೆದುಕೊಂಡರೆ, ಶೇಕಡ 20ರ ಲೆಕ್ಕದಲ್ಲೂ ಉಳಿಯುವುದು 3 ಲಕ್ಷ 60 ಸಾವಿರ. ಅದರ ಎದುರಿಗೆ ಇರುವುದೇನು? ಸ್ಥಿರಾಸ್ತಿ ಮಾರಾಟದ ಹಣವನ್ನು 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವಂತಿಲ್ಲ. ಮುಂಗಡಕ್ಕೂ ಇದು ಅನ್ವಯಿಸುತ್ತದೆ, ಮಾರಾಟ ಮುರಿದುಬಿದ್ದರೂ ಅನ್ವಯಿಸುತ್ತದೆ. ತಪ್ಪಿದರೆ ಪಡೆದಷ್ಟೇ ಮೊತ್ತ ದಂಡ. 18 ಲಕ್ಷ ಪಡೆದವರಿಗೆ 18 ಲಕ್ಷ ದಂಡ, ಮೇಲೆ ತೆರಿಗೆ, ಬಡ್ಡಿ. ಅಗ್ರಿಮೆಂಟ್ ದಿನ ಮನೆಯಲ್ಲಿ ಎಲೆಅಡಿಕೆ ತಟ್ಟೆಯ ಮೇಲೆ ನೋಟಿನ ಕಟ್ಟು ಇಟ್ಟು ಮುಂಗಡ ಕೊಡುವ ರೂಢಿ ನಮ್ಮಲ್ಲಿದೆ. ತಟ್ಟೆಯ ಮೇಲೆ ಚೆಕ್ಕನ್ನೇ ಇಡಿ, ಶಾಸ್ತ್ರಕ್ಕೆ ಯಾವ ಕುಂದೂ ಇಲ್ಲ.

ಮಾರ್ಗಸೂಚಿ ದರವೂ ಇದೆಯಲ್ಲ. ಕ್ರಯಪತ್ರದ ಬೆಲೆಗಿಂತ ಅದು ಶೇಕಡ 10ಕ್ಕೂ ಹೆಚ್ಚಿದ್ದರೆ, ಮಾರಾಟದ ಬೆಲೆ ಮಾರ್ಗಸೂಚಿ ದರವೇ ಎಂದು ಹಿಡಿದು ನಿಮ್ಮ ಮೇಲೆ ತೆರಿಗೆ ಹಾಕುತ್ತಾರೆ. ಕೊಂಡವರಿಗೂ ಆ ವ್ಯತ್ಯಾಸ ಆದಾಯವಾಗುತ್ತದೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ದರ ಪರಿಷ್ಕರಣೆಯಾದ ಮೇಲೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಗ್ರಿಮೆಂಟ್ ಆದ ಮೇಲೆ ದರ ಏರಿದರೆ ಅಗ್ರಿಮೆಂಟ್ ದಿನದ ದರವನ್ನೇ ಹಿಡಿಯಲು ಕಾನೂನು ಬಿಡುತ್ತದೆ, ಅಂದು ಅಥವಾ ಅದಕ್ಕೆ ಮೊದಲು ಮುಂಗಡದ ಸ್ವಲ್ಪ ಭಾಗವಾದರೂ ಬ್ಯಾಂಕ್ ಮೂಲಕ ಬಂದಿದ್ದರೆ ಮಾತ್ರ. ನಗದು ಪಡೆದವರಿಗೆ ಆ ಬಾಗಿಲೂ ಇಲ್ಲ. ಇಷ್ಟೆಲ್ಲ ಅಪಾಯ ತೆಗೆದುಕೊಂಡು ಉಳಿಸಿದ 3 ಲಕ್ಷ 60 ಸಾವಿರ, ನೇರವಾಗಿ ಬರೆಸಿ ಬೇರೆ ಮನೆ ಕೊಂಡಿದ್ದರೆ ತಾನಾಗಿಯೇ ಉಳಿಯುತ್ತಿತ್ತು. ಪಿಂಚಣಿಯ ಮೇಲೆ ಬದುಕುವವರು ಇಳಿವಯಸ್ಸಿನಲ್ಲಿ ನೋಟೀಸು ಹಿಡಿದು ಅಲೆಯುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಈಚೆಗೆ ಹುಟ್ಟಿದೆ. "12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲವಲ್ಲ?" ಎಂದು ಕೇಳುತ್ತಾರೆ. ಆ ರಿಯಾಯಿತಿ ಸಂಬಳ, ಪಿಂಚಣಿ, ಬಾಡಿಗೆಯಂಥ ಆದಾಯಕ್ಕೆ. ಮನೆ ಮಾರಿದ ಲಾಭದ ತೆರಿಗೆಗೆ ಅದು ತಾಗುವುದಿಲ್ಲ. ಬೇರೆ ಆದಾಯವೇ ಇಲ್ಲದ ತಾಯಿಯ ಹೆಸರಲ್ಲಿ ಮನೆಯಿದ್ದರೆ, ಹೊಸ ಪದ್ಧತಿಯ 4 ಲಕ್ಷದ ಮೂಲ ಮಿತಿಯನ್ನು ಮಾತ್ರ ಈ ಲಾಭದಲ್ಲಿ ಕಳೆದುಕೊಳ್ಳಬಹುದು, ಅದೂ ಅವರು ಭಾರತದಲ್ಲಿ ನೆಲೆಸಿದ್ದರೆ.

ಚಿತ್ರದುರ್ಗದ ಬಿ.ಡಿ. ರಸ್ತೆಯಂಥ ಕಡೆ ಮುಂದೆ ಮಳಿಗೆ, ಹಿಂದೆ ಅಥವಾ ಮೇಲೆ ಮನೆ ಇರುತ್ತದೆ. ಮಳಿಗೆಯ ಭಾಗ ವಾಸದ ಮನೆಯಲ್ಲ; ಅದರ ಪಾಲನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಅದಕ್ಕೆ ಇರುವ ವಿನಾಯಿತಿಯಲ್ಲಿ ಲಾಭವನ್ನಷ್ಟೇ ಅಲ್ಲ, ಆ ಭಾಗಕ್ಕೆ ಬಂದ ಪೂರ್ತಿ ಹಣವನ್ನು ಹೊಸ ಮನೆಗೆ ಹಾಕಿದರೆ ಮಾತ್ರ ಪೂರ್ತಿ ಮಾಫಿ. ಮನೆಯ ಜೊತೆ ತೋಟವನ್ನೂ ಮಾರುವವರಿಗೆ ದೂರದ ಲೆಕ್ಕವಿದೆ. ಜನಸಂಖ್ಯೆ ಲಕ್ಷ ದಾಟಿದ ಚಿತ್ರದುರ್ಗದ ನಗರಸಭೆ ಎಲ್ಲೆಯಿಂದ 6 ಕಿಲೋಮೀಟರ್, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳ ಎಲ್ಲೆಯಿಂದ 2 ಕಿಲೋಮೀಟರ್ ಆಚೆಗಿನ ಕೃಷಿ ಜಮೀನಿಗೆ ಈ ತೆರಿಗೆಯೇ ಇಲ್ಲ. ಆದ್ದರಿಂದ ಕ್ರಯಪತ್ರದಲ್ಲಿ ಮನೆಯ ಬೆಲೆ, ತೋಟದ ಬೆಲೆ ಬೇರೆಬೇರೆ ಬರೆಸಿ.

ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ತಂದೆಯ ಮನೆ ಮಾರಿದರೆ ಒಬ್ಬೊಬ್ಬರ ಪಾಲಿಗೂ ಬೇರೆ ಲೆಕ್ಕ, ಬೇರೆ ವಿನಾಯಿತಿ. ಹಿರಿಯಣ್ಣನ ಖಾತೆಗೆ ಪೂರ್ತಿ ಹಣ ಹಾಕಿಸಿಕೊಂಡು ಆಮೇಲೆ ಹಂಚಿಕೊಳ್ಳುವುದು ಬೇಡ, ಅವರವರ ಖಾತೆಗೆ ನೇರ ಬರಲಿ. ಅಕ್ಕತಂಗಿಯರಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುತ್ತಾರೆ. ಹಣ ಪಡೆದು ಹಕ್ಕು ಬಿಟ್ಟರೆ ಅದೂ ಆಕೆ ತನ್ನ ಪಾಲನ್ನು ಮಾರಿದಂತೆಯೇ, ಆಕೆಗೂ ಲೆಕ್ಕವಿದೆ ಎಂದು ಮೊದಲೇ ಹೇಳುವುದು ಅಣ್ಣತಮ್ಮಂದಿರ ಕರ್ತವ್ಯ. 2005ರಿಂದ ಆಕೆಯದೂ ಸಮಪಾಲು ಎಂಬುದನ್ನೂ ಹೇಳಬೇಕು.

ಮಗ ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಮನೆ ಅವನ ಹೆಸರಲ್ಲಿದ್ದರೆ ಮೂರು ವ್ಯತ್ಯಾಸ. ಎರಡು ಲೆಕ್ಕದಲ್ಲಿ ಕಡಿಮೆಯದನ್ನು ಆರಿಸಿಕೊಳ್ಳುವ ಅವಕಾಶ ಅವನಿಗಿಲ್ಲ; ಸೂಚ್ಯಂಕವಿಲ್ಲದ ಶೇಕಡ 12.5 ಮಾತ್ರ. ಇಲ್ಲಿರುವವರು 50 ಲಕ್ಷ ಅಥವಾ ಹೆಚ್ಚಿಗೆ ಮಾರಿದಾಗ ಕೊಳ್ಳುವವರು ಶೇಕಡ 1 ಹಿಡಿದು ಕಟ್ಟುತ್ತಾರೆ. ಹೊರದೇಶದವನ ಮನೆಗೆ ಆ 50 ಲಕ್ಷದ ಮಿತಿಯೂ ಇಲ್ಲ, ದರವೂ ದೊಡ್ಡದು. ಮಾರಾಟಕ್ಕೆ ಮೊದಲೇ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಪಡೆಯದಿದ್ದರೆ ದೊಡ್ಡ ಮೊತ್ತ ಸಿಕ್ಕಿಕೊಂಡು, ರಿಫಂಡಿಗೆ ಕಾಯಬೇಕಾಗುತ್ತದೆ. ಮೂರನೆಯದು, ಅಮೆರಿಕದಲ್ಲಿ ನೆಲೆಸಿದವನಿಗೆ ಅಲ್ಲಿಯೂ ಈ ಲಾಭದ ಮೇಲೆ ತೆರಿಗೆಯಿದೆ. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ಕಳೆದುಕೊಳ್ಳಬಹುದು, ಆದರೆ ಇಲ್ಲಿ ಮನೆ ಕೊಂಡು ವಿನಾಯಿತಿ ಪಡೆದರೆ ಕಳೆಯಲು ಏನೂ ಇರುವುದಿಲ್ಲ.

ಇನ್ನು ಆ ವಿನಾಯಿತಿ. ಮಾರಿದ ದಿನದಿಂದ ಹಿಂದಿನ ಒಂದು ವರ್ಷದಲ್ಲಿ ಅಥವಾ ಮುಂದಿನ ಎರಡು ವರ್ಷದಲ್ಲಿ ಭಾರತದೊಳಗೆ ಒಂದು ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಬೇಕು. ಮಾರಾಟದ ಪೂರ್ತಿ ಹಣ ಹಾಕಬೇಕಿಲ್ಲ, ಲಾಭದಷ್ಟು ಹಾಕಿದರೆ ಸಾಕು. ಆದರೆ ಇಲ್ಲಿ ಲಾಭವೆಂದರೆ ಸೂಚ್ಯಂಕವಿಲ್ಲದ ಲಾಭ. ಚಿತ್ರದುರ್ಗದ ಮನೆಯ ಉದಾಹರಣೆಯಲ್ಲಿ 40 ಲಕ್ಷ. ತೆರಿಗೆ 21 ಲಕ್ಷದ ಮೇಲೆ ಬಂತಲ್ಲ ಎಂದು ಅಷ್ಟೇ ಹಾಕಿ ನಿಂತವರಿಗೆ ಪೂರ್ತಿ ಮಾಫಿ ಸಿಗುವುದಿಲ್ಲ.

ಎರಡು ಕಡೆ ನಮ್ಮವರು ಎಡವುತ್ತಾರೆ. ಸೈಟು ಕೊಂಡು ಸುಮ್ಮನಿದ್ದುಬಿಡುತ್ತಾರೆ. ಸೈಟಿನ ಬೆಲೆ ಲೆಕ್ಕಕ್ಕೆ ಬರುತ್ತದೆ, ಅದರ ಮೇಲೆ ಮನೆ ಎದ್ದರೆ ಮಾತ್ರ. ಇಲ್ಲವೇ ಪೇಟೆಯ ಮನೆ ಮಾರಿದ ಹಣಕ್ಕೆ ಹೊಸದುರ್ಗದ ಕಡೆ ತೆಂಗಿನ ತೋಟವನ್ನೋ ಹೊಳಲ್ಕೆರೆಯ ಕಡೆ ಅಡಿಕೆ ತೋಟವನ್ನೋ ಕೊಳ್ಳುತ್ತಾರೆ. ತೋಟ ಒಳ್ಳೆಯದೇ, ಆದರೆ ಮನೆ ಮಾರಿದ ಲಾಭಕ್ಕೆ ಅದರಿಂದ ವಿನಾಯಿತಿ ಇಲ್ಲ. ಮನೆಯೇ ಬೇಡವೆನ್ನುವವರು ಮಾರಿದ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿಗಳ ಬಾಂಡುಗಳಲ್ಲಿ 50 ಲಕ್ಷದವರೆಗೆ ಐದು ವರ್ಷಕ್ಕೆ ಇಡಬಹುದು.

ಎಷ್ಟು ಮನೆ ಕೊಳ್ಳಬಹುದು ಎಂಬುದರ ಮೇಲೆ ನಮ್ಮ ಕರ್ನಾಟಕ ಹೈಕೋರ್ಟೇ ದೊಡ್ಡ ಚರ್ಚೆ ಹುಟ್ಟಿಸಿತ್ತು. ಪಕ್ಕಪಕ್ಕದ ಎರಡು ಫ್ಲಾಟುಗಳನ್ನು ಒಂದೇ ಮನೆಯಾಗಿ ಬಳಸಿದವರಿಗೂ, ಇನ್ನೊಂದು ಪ್ರಕರಣದಲ್ಲಿ ನಾಲ್ಕು ಫ್ಲಾಟು ಪಡೆದವರಿಗೂ ಅದು ವಿನಾಯಿತಿ ಎತ್ತಿಹಿಡಿಯಿತು. 2014ರಲ್ಲಿ ಕಾನೂನು ತಿದ್ದಿ ಒಂದೇ ಮನೆ ಎಂದು ಸ್ಪಷ್ಟಪಡಿಸಿದರು. 2019ರಲ್ಲಿ ಸ್ವಲ್ಪ ಸಡಿಲಿಸಿ, ಲಾಭ 2 ಕೋಟಿ ಮೀರದಿದ್ದರೆ ಜೀವಮಾನದಲ್ಲಿ ಒಂದು ಸಲ ಎರಡು ಮನೆ ಕೊಳ್ಳಲು ಬಿಟ್ಟರು. ಇಬ್ಬರು ಮಕ್ಕಳಿರುವ ನಮ್ಮ ಊರಿನ ತಂದೆತಾಯಿಗೆ ಇದು ನಿಜವಾಗಿ ಉಪಯೋಗಕ್ಕೆ ಬರುವ ನಿಯಮ. ಇದೇ ಬಗೆಯ ಇನ್ನೊಂದು ವಿನಾಯಿತಿಯ ಪ್ರಕರಣದಲ್ಲಿ, ಹಣ ಕಟ್ಟಡಕ್ಕೆ ಹೋಗಿದ್ದರೆ ಮೂರು ವರ್ಷದೊಳಗೆ ಕೆಲಸ ಪೂರ್ತಿ ಮುಗಿಯಲಿಲ್ಲವೆಂಬ ಒಂದೇ ಕಾರಣಕ್ಕೆ ವಿನಾಯಿತಿ ಕಿತ್ತುಕೊಳ್ಳುವಂತಿಲ್ಲ ಎಂದೂ ಅದೇ ಹೈಕೋರ್ಟು ಹೇಳಿದೆ. ಹೊಸ ಮನೆಯನ್ನು ಮೂರು ವರ್ಷ ಮಾರಬೇಡಿ, ಬಾಡಿಗೆಗೆ ಬೇಕಾದರೆ ಕೊಡಿ.

ಕಡೆಯದಾಗಿ ತಾರೀಕು. ಮನೆ ಕೊಳ್ಳಲು ಎರಡು ವರ್ಷ ಇದೆಯೆಂದು ಹಣವನ್ನು ಉಳಿತಾಯ ಖಾತೆಯಲ್ಲಿ ಬಿಡುವಂತಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ, ಅಂದರೆ ಸಾಮಾನ್ಯವಾಗಿ ಜುಲೈ 31ರೊಳಗೆ, ಖರ್ಚಾಗದೆ ಉಳಿದ ಲಾಭವನ್ನು 1988ರ ಬಂಡವಾಳ ಲಾಭ ಖಾತೆ ಯೋಜನೆಯಡಿ ಬ್ಯಾಂಕಿನಲ್ಲಿಡಬೇಕು. ಈ ಖಾತೆಯಲ್ಲಿ ಎರಡು ಬಗೆ: ಎ ಎಂದರೆ ಉಳಿತಾಯದ ರೀತಿಯದು, ಬಿ ಎಂದರೆ ಠೇವಣಿಯ ರೀತಿಯದು. ಗ್ರಾಮೀಣ ಶಾಖೆಗಳಲ್ಲಿ ಈ ಖಾತೆ ತೆರೆಯುವುದಿಲ್ಲ, ಪಟ್ಟಣದ ಶಾಖೆಗೇ ಹೋಗಿ. ಅದೂ ಜುಲೈ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಈ ಖಾತೆಯಿಂದ ತೆಗೆದ ಹಣವನ್ನು 60 ದಿನದೊಳಗೆ ಮನೆಗೇ ಬಳಸಬೇಕು. ಮೂರು ವರ್ಷ ಕಳೆದರೂ ಉಳಿದಿದ್ದರೆ, ಆ ಉಳಿಕೆಗೆ ಮೂರನೆಯ ವರ್ಷ ಮುಗಿಯುವ ಸಾಲಿನಲ್ಲಿ ತೆರಿಗೆ ಬೀಳುತ್ತದೆ. ಖಾತೆ ಮುಚ್ಚಿ ಹಣ ಪಡೆಯಲು ಆದಾಯ ತೆರಿಗೆ ಅಧಿಕಾರಿಯ ಒಪ್ಪಿಗೆ ಬೇಕು. ಆ ಅರ್ಜಿಯ ಜೊತೆ ಕ್ರಯಪತ್ರದ ಪ್ರತಿ, ತೆರಿಗೆ ಕಟ್ಟಿದ ಚಲನ್, ಖಾತೆಯ ಸ್ಟೇಟ್‌ಮೆಂಟ್ ಮೂರನ್ನೂ ಲಗತ್ತಿಸಿಯೇ ಕೊಡಿ.